ರಾಶಿ ಕಾಲದಲ್ಲಿ ಕೂಸು: ಚಳಿಗಾಲದ ಹೊಲದಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುವುದು ಹೇಗೆ?

ದೀಪಾವಳಿ ಮುಗಿದು ತೊಗರಿ ಕಾಯಿ ಕಟ್ಟಲು ಶುರುವಾದರೆ ಓದುಗರಿಂದ ಪ್ರತಿ ವರ್ಷ ಅವೇ ಪ್ರಶ್ನೆಗಳು ಬರುತ್ತವೆ. "ಅಕ್ಕಾ, ಕೂಸಿಗೆ ಎಂಟು ತಿಂಗಳು. ರಾಶಿಗೆ ಹೊಲಕ್ಕ ಒಯ್ಯಬೇಕೋ ಬ್ಯಾಡೋ?" "ಬಾಣಂತಿ ಕೋಣ್ಯಾಗ ಶೇಗಡಿ ಇಟ್ಟರ ನಡೀತದೇನ್ರಿ?" "ಮೂರು ವರ್ಷದ ಹುಡುಗ ಬಾವಿ ಕಡೆನೇ ಓಡ್ತಾನ, ಏನ್ ಮಾಡ್ಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಇದು ಹುಟ್ಟಿದ ಕೂಸಿನಿಂದ ಐದು ವರ್ಷದ ಮಗುವಿನವರೆಗೆ ಅನ್ವಯಿಸುತ್ತದೆ.

ಮೊದಲು ಒಂದು ಮಾತು. ಚಳಿಗಾಲ ಅಂದಕೂಡಲೇ ನಮ್ಮ ಗಮನವೆಲ್ಲ ಸ್ವೆಟರ್, ಕುಲಾಯಿ, ಕೌದಿ ಕಡೆ ಹೋಗುತ್ತದೆ. ಬೀದರ್‌ನಲ್ಲಿ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಕಲಬುರಗಿ ಕಡೆಯೂ ಬೆಳಗಿನ ಜಾವ ನಡುಕ ಹುಟ್ಟುತ್ತದೆ. ಅದಕ್ಕೆ ಬಂದೋಬಸ್ತು ಮಾಡಲೇಬೇಕು, ಮಾಡುವುದು ಕಷ್ಟವೂ ಅಲ್ಲ. ಆದರೆ ಡಿಸೆಂಬರ್-ಜನವರಿ ಅಂದರೆ ನಮ್ಮಲ್ಲಿ ತೊಗರಿ ರಾಶಿ, ಅಂದರೆ ಒಕ್ಕಣೆ. ಭಾಲ್ಕಿ, ಹುಮನಾಬಾದ್, ಆಳಂದ, ಅಫಜಲಪುರ ಕಡೆ ಕಬ್ಬು ಕಡಿಯುವ ಹೊತ್ತು. ಶಹಾಪುರ, ಸುರಪುರದಲ್ಲಿ ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು. ಅದರ ಹಿಂದೆಯೇ ಕಡಲೆ, ಅದಾದ ಮೇಲೆ ಬಿಳಿಜೋಳ. ಮನೆಯ ಎಲ್ಲರ ಕೈಯೂ ಕೆಲಸದಲ್ಲಿ, ಎಲ್ಲರ ಕಣ್ಣೂ ಬೆಳೆಯ ಮೇಲೆ. ಈ ಎರಡು ಮೂರು ತಿಂಗಳಲ್ಲಿ ಮಗುವಿಗೆ ಅಪಾಯ ಬರುವುದು ಹೆಚ್ಚಾಗಿ ಅದರ ಮೇಲೆ ಯಾರ ಕಣ್ಣೂ ಇಲ್ಲದ ಹತ್ತು ನಿಮಿಷದಲ್ಲಿ. ಹಾಗಾಗಿ ಈ ಬರಹದಲ್ಲಿ ಬಟ್ಟೆಗಿಂತ ಪಾಳಿಗೆ, ಬಾವಿಗೆ, ಮಷೀನಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಏನೇನು ಬೇಕು

ದೊಡ್ಡ ಖರ್ಚಿನದು ಯಾವುದೂ ಇಲ್ಲ. ಮೆತ್ತನೆಯ ಹತ್ತಿ ಬಟ್ಟೆ ಎರಡು ಮೂರು ಜೊತೆ, ಕುಲಾಯಿ, ಕಾಲುಚೀಲ, ಒಂದು ಕೌದಿ, ಒಂದು ಸೊಳ್ಳೆಪರದೆ. ಕಾಯಿಸಿ ಆರಿಸಿದ ನೀರಿಗೆ ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿ. ಸಾಬೂನು. ಓಆರ್‌ಎಸ್ ಪುಡಿ ಪಾಕೀಟು ಎರಡು. ಸೆಕೆಂಡು ಎಣಿಸಲು ಮೊಬೈಲ್. ತಾಯಿ ಕಾರ್ಡು, ಅಂದರೆ ಗರ್ಭಿಣಿಯಾಗಿದ್ದಾಗ ಆರೋಗ್ಯ ಇಲಾಖೆಯವರು ಕೊಟ್ಟ, ಮಗುವಿನ ಲಸಿಕೆ ಮತ್ತು ತೂಕ ಬರೆದಿರುವ ಕಾರ್ಡು. ಇವೆಲ್ಲ ಒಂದೇ ಚೀಲದಲ್ಲಿ ಇರಲಿ. ಆ ಚೀಲಕ್ಕೆ ಬುತ್ತಿಗಂಟು, ಕುಡುಗೋಲು ಯಾವುದೂ ಸೇರದಿರಲಿ.

1. ನಾಳೆ ಕೂಸು ಯಾರ ಪಾಲಿಗೆ ಎಂದು ಹಿಂದಿನ ರಾತ್ರಿಯೇ ಹೇಳಿಬಿಡಿ

ಆಳು ಎಷ್ಟು, ಮಷೀನು ಎಷ್ಟು ಗಂಟೆಗೆ, ಚೀಲ ಎಷ್ಟು ಬೇಕು ಎಂದು ಹಿಂದಿನ ರಾತ್ರಿಯೇ ಮಾತಾಡುತ್ತೀರಿ. ಅದೇ ಮಾತಿನಲ್ಲಿ ಇದನ್ನೂ ಸೇರಿಸಿ: ನಾಳೆ ಮಗುವನ್ನು ನೋಡುವವರು ಯಾರು? ಹೆಸರು ಹಿಡಿದು ಹೇಳಬೇಕು. "ಎಲ್ಲಾರೂ ಅದೀವಲ್ಲ, ನೋಡ್ಕೊಂಡ್ರಾಯ್ತು" ಅಂದರೆ ಯಾರೂ ನೋಡುವುದಿಲ್ಲ. ಆಯಿ (ಅಜ್ಜಿ) ನೀರು ತರಲು ಹೋದಾಗ ವೈನಿ (ಅತ್ತಿಗೆ) ನೋಡುತ್ತಾಳೆ ಅಂದುಕೊಳ್ಳುತ್ತಾಳೆ, ವೈನಿ ಆಯಿಯ ಹತ್ತಿರ ಇದೆ ಅಂದುಕೊಳ್ಳುತ್ತಾಳೆ.

ಪಾಳಿ ಬದಲಿಸುವಾಗ ಬಾಯಿಬಿಟ್ಟು ಹೇಳಿ: "ಈಗ ಕೂಸು ನಿನ್ನ ಹತ್ರ." ಕೇಳಿಸಿಕೊಂಡವರು "ಹೂಂ" ಅಂದ ಮೇಲೆಯೇ ಅಲ್ಲಿಂದ ಎದ್ದು ಹೋಗಿ. ಪಾಳಿಯಲ್ಲಿ ಇರುವವರಿಗೆ ಬೇರೆ ಕೆಲಸ ಕೊಡಬೇಡಿ. ಕುಳಿತಲ್ಲಿಂದಲೇ ಮಾಡುವ ಸೊಪ್ಪು ಸೋಸುವಂಥ ಕೆಲಸ ನಡೆದೀತು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಏಳೆಂಟು ವರ್ಷದ ಅಕ್ಕನಿಗೆ ಎರಡು ವರ್ಷದ ತಮ್ಮನನ್ನು ಒಪ್ಪಿಸುವುದು. ಆ ಹುಡುಗಿ ತಮ್ಮನನ್ನು ಆಡಿಸಬಲ್ಲಳು, ನಗಿಸಬಲ್ಲಳು. ಆದರೆ ಅವನು ಬಾವಿಗೆ ಜಾರಿದರೆ ಅವಳು ಹಿಂದೆಯೇ ಇಳಿಯುತ್ತಾಳೆ. ಜೊತೆಗೆ ಅವಳ ಶಾಲೆಯೂ ತಪ್ಪುತ್ತದೆ. ಪಾಳಿ ದೊಡ್ಡವರದೇ ಇರಲಿ. ಮುತ್ಯಾನಿಗೆ ಓಡಲು ಆಗದಿದ್ದರೆ ನಡೆಯಲು ಕಲಿತ ಮಗುವನ್ನು ಅವರೊಬ್ಬರ ಮೇಲೆ ಬಿಡಬೇಡಿ. ಇನ್ನೂ ಮಗುಚಿಕೊಳ್ಳದ ಕೂಸನ್ನು ಅವರು ಚೆನ್ನಾಗಿಯೇ ನೋಡುತ್ತಾರೆ.

ಎಳ್ಳ ಅಮವಾಸ್ಯೆಯ ದಿನ ಈ ನಿಯಮ ದುಪ್ಪಟ್ಟು. ಅವತ್ತು ಚರಗ (ಹೊಲಕ್ಕೆ ಅರ್ಪಿಸುವ ಎಡೆ) ಚೆಲ್ಲಲು ಬೀಗರು, ನೆಂಟರು ಎಲ್ಲರೂ ಹೊಲಕ್ಕೆ ಬಂದಿರುತ್ತಾರೆ. ಮಂದಿ ಹೆಚ್ಚಿದಷ್ಟೂ ಸಣ್ಣ ಮಗು ಕಣ್ತಪ್ಪುವುದು ಸಲೀಸು, ಅದರಲ್ಲೂ ಊರಿಂದ ಬಂದ ಮಕ್ಕಳಿಗೆ ನಿಮ್ಮ ಹೊಲದ ಬಾವಿ ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ. ಊಟಕ್ಕೆ ಎಲೆ ಹಾಕುವ ಮೊದಲು ಎಲ್ಲರಿಗೂ ಬಾವಿ ತೋರಿಸಿ, ಒಬ್ಬರನ್ನು ಆ ಕಡೆ ಕೂರಿಸಿ.

2. ಒಯ್ಯಬೇಕೋ, ಬಿಡಬೇಕೋ ತೀರ್ಮಾನಿಸಿ

ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು, ನೀರೂ ಬೇಡ. ಆದ್ದರಿಂದ ಆ ವಯಸ್ಸಿನ ಕೂಸು ತಾಯಿ ಇದ್ದಲ್ಲಿ ಇರಬೇಕು. ತಾಯಿ ಹೊಲಕ್ಕೆ ಹೋಗಲೇಬೇಕಾದರೆ ಕೂಸೂ ಹೋಗಲಿ, ಆದರೆ ಮಷೀನು ನಡೆಯುವ ದಿನ ಬೇಡ. ಕೂಸು ಹಸಿದಾಗ ಕೆಲಸ ಬಿಟ್ಟು ಹಾಲುಣಿಸಲು ತಾಯಿಯನ್ನು ಕಳಿಸುವುದು ಮನೆಯ ಹಿರಿಯರ ಹೊಣೆ. ಸೊಸೆ ಬಾಯಿಬಿಟ್ಟು ಕೇಳುವವರೆಗೆ ಕಾಯಬೇಡಿ.

ನಡೆಯುವ, ಓಡುವ ವಯಸ್ಸಿನವರನ್ನು ಸಾಧ್ಯವಾದಷ್ಟೂ ಊರಲ್ಲೇ ಬಿಡಿ. ಮೂರು ವರ್ಷ ದಾಟಿದ್ದರೆ ಅಂಗನವಾಡಿ ಇದೆ. ಮೂರು ವರ್ಷದೊಳಗಿನ ಮಕ್ಕಳಿಗಾಗಿ ಹಲವು ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆದಿದ್ದಾರೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟು 2023ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ ಶಿಶುಪಾಲನಾ ಕೇಂದ್ರಗಳಿವು. ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಸುಗ್ಗಿಗೆ ಮೊದಲೇ ಹೋಗಿ ವಿಚಾರಿಸಿ. ರಾಶಿಯ ದಿನ ಬೆಳಗ್ಗೆ ಹೋಗಿ ಬಾಗಿಲು ತಟ್ಟಿದರೆ ಪ್ರಯೋಜನವಿಲ್ಲ. ಎರಡೂ ಇಲ್ಲದ ತಾಂಡಾ, ವಸ್ತಿಗಳಲ್ಲಿ ಮೂರು ನಾಲ್ಕು ಮನೆಯವರು ಸೇರಿ ದಿನಕ್ಕೊಬ್ಬರಂತೆ ಉಳಿದುಕೊಳ್ಳುವುದು ಒಳ್ಳೆಯ ದಾರಿ. ಒಂದು ದಿನದ ಕೂಲಿ ಹೋದರೂ ಉಳಿದ ದಿನಗಳಲ್ಲಿ ನೆಮ್ಮದಿಯಿಂದ ದುಡಿಯಬಹುದು.

3. ಬಟ್ಟೆ, ಸ್ನಾನ, ಮಲಗುವುದು

ನಮ್ಮ ಚಳಿಯ ಗುಣ ಗೊತ್ತಿರಲಿ: ಬೆಳಗಿನ ಜಾವ ಥಂಡಿ, ಮಧ್ಯಾಹ್ನ ಬಿಸಿಲು 28-30 ಡಿಗ್ರಿ. ಬೆಳಗ್ಗೆ ಹಾಕಿದ ದಪ್ಪ ಸ್ವೆಟರ್‌ನಲ್ಲೇ ಮಧ್ಯಾಹ್ನ ಬೆವೆತು, ಸಂಜೆ ಆ ಒದ್ದೆಯಲ್ಲೇ ಮಗು ತಣ್ಣಗಾಗುತ್ತದೆ. ಒಂದೇ ದಪ್ಪ ಬಟ್ಟೆಯ ಬದಲು ತೆಳ್ಳನೆಯ ಎರಡು ಮೂರು ಪದರ ಹಾಕಿ, ಬಿಸಿಲೇರಿದಂತೆ ಒಂದೊಂದೇ ಬಿಚ್ಚಿ. ಒಳಗಿನ ಪದರ ಹತ್ತಿಯದೇ ಇರಲಿ. ನಿಮಗೆ ಎಷ್ಟು ಬಟ್ಟೆ ಬೇಕೋ ಕೂಸಿಗೆ ಅದಕ್ಕಿಂತ ಒಂದು ಪದರ ಹೆಚ್ಚು, ಅಷ್ಟೇ ಲೆಕ್ಕ.

ಕೂಸಿಗೆ ಚಳಿಯಾಗುತ್ತಿದೆಯೇ ಎಂದು ತಿಳಿಯಲು ನಿಮ್ಮ ಅಂಗೈಯ ಹಿಂಬದಿಯಿಂದ ಅದರ ಹೊಟ್ಟೆ ಮತ್ತು ಪಾದ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ತಾಗಿದೆ, ಕೂಡಲೇ ಎದೆಗೆ ಅವುಚಿಕೊಂಡು ಹಾಲುಣಿಸಿ. ಹೊಟ್ಟೆ, ಪಾದ ಎರಡೂ ತಣ್ಣಗಿದ್ದು ಕೂಸು ಮಂಕಾಗಿದ್ದರೆ ಆಸ್ಪತ್ರೆಗೆ ಹೊರಡಿ, ದಾರಿಯುದ್ದಕ್ಕೂ ತಾಯಿಯ ಎದೆಯ ಚರ್ಮಕ್ಕೆ ಕೂಸಿನ ಚರ್ಮ ತಾಗುವಂತೆ ಇಟ್ಟುಕೊಂಡು ಮೇಲೆ ಕಂಬಳಿ ಹೊದೆಯಿರಿ. ಕಡಿಮೆ ತೂಕದ ಕೂಸುಗಳಿಗೆ ಮನೆಯಲ್ಲೂ ದಿನಕ್ಕೆ ಹಲವು ಗಂಟೆ ಹೀಗೆ ಮಾಡಲು ಡಾಕ್ಟರು ಹೇಳುತ್ತಾರೆ. ಇದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. ತಂದೆಯೂ ಮಾಡಬಹುದು, ಆಯಿಯೂ ಮಾಡಬಹುದು.

ಹುಟ್ಟಿದ ಕೂಸಿಗೆ ಮೊದಲ 24 ಗಂಟೆ ಸ್ನಾನ ಬೇಡ. ಆಮೇಲೆಯೂ ಚಳಿಗಾಲದಲ್ಲಿ ಬಿಸಿಲೇರಿದ ಮೇಲೆಯೇ ಎರೆಯಿರಿ. ಹಂಡೆಯ ನೀರು ಕೂಸಿನ ಚರ್ಮಕ್ಕೆ ಎಷ್ಟು ಬಿಸಿ ಎಂಬುದು ಹಿರಿಯರ ಗಟ್ಟಿ ಅಂಗೈಗೆ ತಿಳಿಯುವುದಿಲ್ಲ. ಮೊಳಕೈಯನ್ನು ನೀರಿನಲ್ಲಿ ಅದ್ದಿ ನೋಡಿ, ಅಲ್ಲಿಗೆ ಹಿತವಾಗಿದ್ದರೆ ಕೂಸಿಗೂ ಹಿತ. ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕುವ ರೂಢಿ ಮಾಡಿಕೊಳ್ಳಿ. ಎಣ್ಣೆ ತಿಕ್ಕುವುದು ಒಳ್ಳೆಯದೇ. ಕಿವಿ, ಮೂಗಿನೊಳಗೆ ಮಾತ್ರ ಎಣ್ಣೆ ಬಿಡಬೇಡಿ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಮಲಗಿಸುವಾಗ ಅಂಗಾತ ಮಲಗಿಸಿ. ಕೌದಿ ಎದೆಯವರೆಗೆ ಮಾತ್ರ, ಮುಖದ ಮೇಲೆ ಬೇಡ. ಕುಲಾಯಿಯ ಕಸೆ ಕೊರಳಿಗೆ ಸುತ್ತಿಕೊಳ್ಳುವ ಅಪಾಯ ಇರುವುದರಿಂದ ನಿದ್ದೆಯಲ್ಲಿ ಅದನ್ನು ಬಿಚ್ಚಿ.

4. ಶೇಗಡಿ ಇಡುವ ಮನೆಗಳು ಇದನ್ನು ಎರಡು ಸಲ ಓದಿ

ಬಾಣಂತಿಯ ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟು, ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಬಟ್ಟೆ ತುರುಕುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಕೆಂಡ ಉರಿಯುವಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಬಿಡುತ್ತದೆ. ಮೊದಲು ತಲೆನೋವು, ಮಂಪರು, ವಾಂತಿ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. "ಹೊಗಿ ಬರಂಗಿಲ್ರಿ, ಬರೇ ಕೆಂಡ ಅದ" ಎಂಬ ಮಾತು ಬಹಳ ಸಲ ಕೇಳಿದ್ದೇನೆ. ಹೊಗೆ ಕಾಣದ ಕೆಂಡದಿಂದಲೂ ಈ ಅನಿಲ ಬರುತ್ತದೆ.

ಕೋಣೆ ಬೆಚ್ಚಗೆ ಮಾಡಲೇಬೇಕಾದರೆ ತಾಯಿ, ಕೂಸು ಬೇರೆ ಕಡೆ ಇದ್ದಾಗ ಬಾಗಿಲು ಕಿಟಕಿ ತೆರೆದು ಸ್ವಲ್ಪ ಹೊತ್ತು ಕೆಂಡ ಇಟ್ಟು, ಅದನ್ನು ಹೊರಗೆ ಒಯ್ದ ಮೇಲೆ ಅವರು ಒಳಗೆ ಬರಲಿ. ಮಲಗುವ ಕೋಣೆಯಲ್ಲಿ ರಾತ್ರಿ ಕೆಂಡ ಇರಲೇಬಾರದು. ಕೌದಿಯ ಒಳಗೆ ಬಿಸಿನೀರಿನ ಬಾಟಲಿ ಇಟ್ಟು ಹಾಸಿಗೆ ಬೆಚ್ಚಗೆ ಮಾಡಿ, ಕೂಸನ್ನು ಮಲಗಿಸುವ ಮೊದಲು ಬಾಟಲಿ ತೆಗೆದುಬಿಡಿ. ಆಯಿಗೆ ಇದನ್ನು ಹೇಳುವುದು ಸೊಸೆಗೆ ಕಷ್ಟ ಎಂಬುದು ನನಗೆ ಗೊತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಅವರ ಬಾಯಿಂದ ಹೇಳಿಸಿ.

ಹೊರಗೆ ತೊಗರಿ ಕಟ್ಟಿಗೆ ಹಾಕಿ ಬೆಂಕಿ ಕಾಸುವಾಗ ನೈಲಾನ್ ಫ್ರಾಕು, ಅಗ್ಗದ ಕೃತಕ ಉಲ್ಲನ್ ಶಾಲು ಹೊದ್ದ ಮಕ್ಕಳನ್ನು ಬೆಂಕಿಯಿಂದ ದೂರ ಕೂರಿಸಿ. ಅಂಥ ಬಟ್ಟೆ ಹೊತ್ತಿದರೆ ಕರಗಿ ಮೈಗೆ ಅಂಟುತ್ತದೆ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಟೂತ್‌ಪೇಸ್ಟ್, ಶಾಯಿ, ಅರಿಶಿನ ಯಾವುದನ್ನೂ ಮೆತ್ತಬೇಡಿ.

5. ಹೊಲದಲ್ಲಿ ಕೂಸಿನ ಜಾಗ ಗುರುತಿಸಿ, ನೀರಿಗೆ ಬೇಲಿ ಹಾಕಿ

ಬೇವಿನ ಗಿಡದ ನೆರಳು ಚೆಂದ. ಆದರೆ ಜಾಗ ಆರಿಸುವಾಗ ನೆರಳು ಕೊನೆಗೆ ನೋಡುವ ಸಂಗತಿ. ಬಾವಿಯಿಂದ ದೂರವೇ, ಟ್ರ್ಯಾಕ್ಟರ್ ಓಡಾಡುವ ದಾರಿಯಿಂದ ದೂರವೇ, ಕಣಿಕೆಯ ಬಣವೆಯಿಂದ ದೂರವೇ, ಕರೆಂಟಿನ ಸ್ಟಾರ್ಟರ್ ಡಬ್ಬಿಯಿಂದ ದೂರವೇ ಎಂದು ಮೊದಲು ನೋಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ರಾಶಿಯ ಹೊಟ್ಟು ಹಾರಿಬರದ ಕಡೆ ಹಾಸಿ. ಹಾಸುವ ಮೊದಲು ಕೋಲಿನಿಂದ ನೆಲ ಬಡಿದು ಕಲ್ಲು ಸರಿಸಿ ನೋಡಿ.

ಸೀರೆಯ ಜೋಳಿಗೆ ಕಟ್ಟುವುದಾದರೆ ನೆಲದಿಂದ ಮೊಣಕಾಲೆತ್ತರ ಸಾಕು, ಕೆಳಗೆ ಕೌದಿ ಹಾಸಿರಲಿ. ಕೂಸಿನ ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟುತ್ತದೆ, ಆಗಾಗ ಇಣುಕಿ ನೋಡಬೇಕು. ಎದ್ದು ಕೂರಲು ಕಲಿತ ಕೂಸಿಗೆ ಜೋಳಿಗೆ ಬೇಡ.

ನೀರಿನ ವಿಷಯ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೊಲದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೇ. ಹಳೆಯ ಬಾವಿಗಳಿಗೆ ಹಲವು ಕಡೆ ಕಟ್ಟೆಯೇ ಇಲ್ಲ. ಜಾಲಿ ಮುಳ್ಳು ಒತ್ತಿದರೆ ಒಂದು ಸುಗ್ಗಿಗೆ ಸಾಲುತ್ತದೆ, ತಂತಿಜಾಳಿಗೆ ಇದ್ದರೆ ಇನ್ನೂ ಒಳ್ಳೆಯದು. ಕೃಷಿ ಹೊಂಡ ಬಾವಿಗಿಂತ ಮೋಸದ್ದು. ಅದಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ, ಇಳಿಜಾರಿನಲ್ಲಿ ಬಿದ್ದ ದೊಡ್ಡವರೂ ಮೇಲೆ ಹತ್ತಲಾರರು. ಮಗುವನ್ನು ಎತ್ತಲು ಹೋದ ತಂದೆಯೂ ಒಳಗೇ ಉಳಿಯುತ್ತಾನೆ. ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದ ಸುತ್ತ ತಂತಿ ಬೇಲಿಗೂ ನೆರವು ಇದೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬೇಲಿ ಬರುವವರೆಗೆ ದಪ್ಪ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿ, ಒಂದು ತುದಿಯನ್ನು ದಂಡೆಯ ಗೂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ನೀರಿಗೆ ಬಿಟ್ಟಿರಿ. ಗಾಳಿ ತುಂಬಿದ ಹಳೆಯ ಟ್ಯೂಬ್ ಒಂದು ಪಕ್ಕದಲ್ಲಿ ಇರಲಿ.

ನಾರಾಯಣಪುರ ಕಾಲುವೆಯ ಕೆಳಗಿನ ಹಳ್ಳಿಗಳವರು ನೀರು ಬಿಟ್ಟ ದಿನಗಳಲ್ಲಿ ಮಕ್ಕಳನ್ನು ಕಾಲುವೆ ದಂಡೆಗೆ ಬಟ್ಟೆ ಒಗೆಯಲು ಜೊತೆಗೆ ಒಯ್ಯಬೇಡಿ. ಮೊಣಕಾಲುದ್ದದ ನೀರೂ ಎರಡು ವರ್ಷದ ಮಗುವನ್ನು ಎಳೆದೊಯ್ಯುತ್ತದೆ. ದನಕ್ಕೆ ನೀರಿಡುವ ತೊಟ್ಟಿ, ತುಂಬಿದ ಬಕೆಟ್ ಕೂಡ ತೆವಳುವ ಕೂಸಿಗೆ ಅಪಾಯವೇ.

ಇನ್ನು ನೀರು ಬಾರದೆ ಬಿಟ್ಟ ಬೋರು. 2024ರ ಏಪ್ರಿಲ್‌ನಲ್ಲಿ ಪಕ್ಕದ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಪುಟ್ಟ ಗಂಡುಮಗು ತೆರೆದ ಕೊಳವೆಬಾವಿಗೆ ಬಿದ್ದಾಗ ಹೊರತೆಗೆಯಲು ಸುಮಾರು 20 ಗಂಟೆ ಬೇಕಾಯಿತು. ಆ ಮಗು ಬದುಕಿ ಬಂತು. ಎಲ್ಲ ಮಕ್ಕಳೂ ಬಂದಿಲ್ಲ. ಬಿಟ್ಟ ಬೋರನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಗೋಣಿಚೀಲ ಮುಚ್ಚಿ ಕಲ್ಲು ಹೇರಿದರೆ ಅದು ಮುಚ್ಚಿದಂತೆ ಅಲ್ಲ, ಗೋಣಿ ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ. ನಿಮ್ಮ ಹೊಲದ್ದಷ್ಟೇ ಅಲ್ಲ, ಬಾಜೂ ಹೊಲದ್ದನ್ನೂ ನೋಡಿ.

ನೀರಿನಿಂದ ಎತ್ತಿದ ಮಗು ಉಸಿರಾಡದಿದ್ದರೆ ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಬೇಡ. ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಅಂಗಾತ ಮಲಗಿಸಿ, ಗದ್ದ ಸ್ವಲ್ಪ ಎತ್ತಿ, ಬಾಯಿಗೆ ಬಾಯಿಟ್ಟು ಎದೆ ಏಳುವಷ್ಟು ಉಸಿರು ಐದು ಸಲ ಕೊಡಿ. ಆಮೇಲೂ ಮಿಸುಕದಿದ್ದರೆ ಎದೆಯ ನಡುವೆ ಒತ್ತುತ್ತಾ, ನಡುನಡುವೆ ಉಸಿರು ಕೊಡುತ್ತಾ ಇರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಇದನ್ನು ಓದಿ ಕಲಿಯುವುದಕ್ಕಿಂತ ಆರೋಗ್ಯ ಕೇಂದ್ರದ ನರ್ಸಮ್ಮನ ಹತ್ತಿರ ಒಮ್ಮೆ ಮಾಡಿಸಿ ನೋಡಿ ಕಲಿಯುವುದು ಒಳ್ಳೆಯದು.

6. ಮಷೀನು ಬಂದ ದಿನ

ರಾಶಿ ಮಷೀನು ನಡೆಯುವ ಕಣಕ್ಕೆ ಐದು ವರ್ಷದೊಳಗಿನ ಮಕ್ಕಳು ಬರಲೇಬಾರದು. ಟ್ರ್ಯಾಕ್ಟರಿನಿಂದ ಮಷೀನಿಗೆ ಶಕ್ತಿ ಕೊಡುವ ತಿರುಗುವ ರಾಡು ಇರುತ್ತದಲ್ಲ, ಅದಕ್ಕೆ ಸೆರಗು, ಜಡೆ, ಓಢಣಿ ಸಿಕ್ಕರೆ ಬಿಡಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ. ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮಷೀನಿಗೆ ತೊಗರಿ ಹಾಕುವ ತಾಯಂದಿರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಚಾಲಕನಿಗೆ ಟ್ರಾಲಿಯ ಹಿಂದೆ ಕೂತು ಮಣ್ಣಾಡುವ ಮಗು ಕಾಣುವುದಿಲ್ಲ. ಗಾಡಿ ಚಾಲೂ ಮಾಡುವ ಮೊದಲು ಪಾಳಿಯವರು ಮಗುವನ್ನು ಎತ್ತಿ ಚಾಲಕನಿಗೆ ತೋರಿಸಬೇಕು. ಇದೊಂದು ರೂಢಿ ಪ್ರತಿ ಹೊಲದಲ್ಲೂ ಬರಬೇಕು. ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಉಳುವುದು, ಕಬ್ಬಿನ ಟ್ರಾಲಿಯ ಮೇಲೆ ಊರಿಗೆ ಕಳಿಸುವುದು ಕೂಡ ಬೇಡ.

ಹೊಟ್ಟು ಕಣ್ಣಿಗೆ ಬಿದ್ದರೆ ಸೆರಗಿನ ತುದಿಯಿಂದ ತೆಗೆಯದೆ ಶುದ್ಧ ನೀರು ಹಾಯಿಸಿ. ಧೂಳಿಗೆ ಗೊರಗೊರ ಎನ್ನುವ, ಪದೇ ಪದೇ ಉಬ್ಬಸ ಬರುವ ಮಗು ರಾಶಿ ಮುಗಿಯುವವರೆಗೆ ಊರಲ್ಲೇ ಇರಲಿ.

7. ಬೆಳೆಯ ಔಷಧ, ಮೆಣಸಿನಕಾಯಿ ಕೈ

ಕಾಯಿಕೊರಕಕ್ಕೆ ಹೊಡೆದು ಉಳಿದ ಔಷಧವನ್ನು ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ಸುರಿದು ಇಡಬೇಡಿ. ಮಗು ಅದನ್ನು ಕುಡಿಯುವ ವಸ್ತು ಎಂದೇ ತಿಳಿಯುತ್ತದೆ. ಮೂಲ ಡಬ್ಬಿಯಲ್ಲೇ, ಬೀಗ ಹಾಕಿ, ಅಡುಗೆ ಮನೆಯಿಂದ ದೂರ ಇಡಿ. ಖಾಲಿ ಡಬ್ಬಿಯಲ್ಲಿ ಎಣ್ಣೆ, ಕಾಳು ತುಂಬುವುದೂ ಬೇಡ. ಸಿಂಪಡಿಸಿ ಬಂದವರು ಬಟ್ಟೆ ಬದಲಿಸಿ, ಸಾಬೂನು ಹಚ್ಚಿ ಮೈ ತೊಳೆದ ಮೇಲೆಯೇ ಕೂಸನ್ನು ಎತ್ತಿಕೊಳ್ಳಲಿ.

ಮಗು ಕುಡಿದೇಬಿಟ್ಟರೆ ಉಪ್ಪುನೀರು, ಹುಳಿನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಟ್ಟೆಗೆ ಚೆಲ್ಲಿದ್ದರೆ ಬಿಚ್ಚಿ ಮೈ ತೊಳೆಯಿರಿ. ಔಷಧದ ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ. ಅದರ ಮೇಲಿನ ಹೆಸರು ನೋಡಿ ಡಾಕ್ಟರು ಚಿಕಿತ್ಸೆ ತೀರ್ಮಾನಿಸುತ್ತಾರೆ.

ಮೆಣಸಿನಕಾಯಿ ಹರಿದ ಕೈಯಿಂದ ಹಾಲುಣಿಸಿದರೆ ಕೂಸಿನ ಕಣ್ಣು, ತುಟಿ ಉರಿದು ಚೀರುತ್ತದೆ. ಬರೀ ನೀರಿಗೆ ಆ ಖಾರ ಹೋಗುವುದಿಲ್ಲ. ಮೊದಲು ಕೈಗೆ ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸಾಬೂನಿನಿಂದ ಎರಡು ಸಲ ತೊಳೆಯಿರಿ.

8. ಊಟ, ಮತ್ತು ಗಂಟಲಿಗೆ ಸಿಕ್ಕುವ ಕಾಳು

ಆರು ತಿಂಗಳು ತುಂಬಿದ ಮೇಲೆ ನಮ್ಮ ಅಡುಗೆಮನೆಯಲ್ಲೇ ಬೇಕಾದ್ದೆಲ್ಲ ಇದೆ. ಬಿಸಿ ಜೋಳದ ರೊಟ್ಟಿಯ ಮೆತ್ತನೆಯ ಪದರನ್ನು ತೊಗರಿಬೇಳೆ ಕಟ್ಟಿನಲ್ಲಿ ನೆನೆಸಿ, ಕಿವುಚಿ, ಒಂದು ಚಮಚ ತುಪ್ಪ ಹಾಕಿ. ಜೋಳದ ನುಚ್ಚು ಹಾಲಿನ ಜೊತೆ. ಸಜ್ಜೆ ಹಿಟ್ಟಿನ ಗಂಜಿ. ಎಳ್ಳ ಅಮವಾಸ್ಯೆಯ ಭಜ್ಜಿಯನ್ನೂ ಕೊಡಬಹುದು. ಸೊಪ್ಪು, ಕಾಳು ಬೆಂದು ಮೆತ್ತಗಾದ ಮೇಲೆ ಹಸಿಮೆಣಸಿನಕಾಯಿ ಹಾಕುವ ಮೊದಲೇ ಕೂಸಿನ ಪಾಲು ತೆಗೆದಿಟ್ಟು ನುರಿಯಿರಿ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಉಂಟುಮಾಡುತ್ತದೆ. ಚಳಿಯಲ್ಲಿ ಮಕ್ಕಳು ನೀರು ಕೇಳುವುದಿಲ್ಲ, ಉಗುರುಬೆಚ್ಚಗಿನ ನೀರನ್ನು ನೀವೇ ನೆನಪಿಟ್ಟು ಕೊಡಬೇಕು.

ಇದು ಸುಲಗಾಯಿ (ಹಸಿ ಕಡಲೆ), ಸೀತನಿ (ಎಳೆ ಜೋಳ), ಶೇಂಗಾ, ಬಾರಿಹಣ್ಣಿನ ಕಾಲ. ದೊಡ್ಡವರು ತಿನ್ನುವಾಗ ಸಣ್ಣವರೂ ಕೈಚಾಚುತ್ತಾರೆ. ಇಡೀ ಶೇಂಗಾ, ಕಡಲೆಕಾಳು, ಬಾರಿಬೀಜ ನಾಲ್ಕು ವರ್ಷದೊಳಗಿನ ಮಕ್ಕಳ ಉಸಿರಿನ ನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಶೇಂಗಾವನ್ನು ಪುಡಿ ಮಾಡಿಯೇ ಕೊಡಿ. ಓಡುತ್ತಾ, ನಗುತ್ತಾ, ಅಳುತ್ತಾ ತಿನ್ನಲು ಬಿಡಬೇಡಿ.

ಕಾಳು ಸಿಕ್ಕಿ ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದೆ ಮುಖ ನೀಲಿಯಾದರೆ, ಒಂದು ವರ್ಷದೊಳಗಿನ ಕೂಸನ್ನು ನಿಮ್ಮ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಮುಖವಾಗಿಸಿ, ಬೆನ್ನಿನ ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಸಲ ಗಟ್ಟಿಯಾಗಿ ತಟ್ಟಿ. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಿ. ದೊಡ್ಡ ಮಗುವಿಗೆ ಬೆನ್ನು ತಟ್ಟಿದ ಮೇಲೆ, ಹಿಂದಿನಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲ್ಗಡೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ ಒತ್ತಿ. ಕಾಣದ ಕಾಳಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಿದರೆ ಅದು ಇನ್ನೂ ಒಳಗೆ ಹೋಗುತ್ತದೆ.

9. ಕೆಮ್ಮು ನೆಗಡಿ ಬಂದರೆ ಉಸಿರು ಎಣಿಸಿ

ಸಾದಾ ನೆಗಡಿಗೆ ಹೆದರಬೇಕಿಲ್ಲ. ನ್ಯುಮೋನಿಯಾಕ್ಕೆ ಹೆದರಬೇಕು. ಅದು ಶ್ವಾಸಕೋಶಕ್ಕೆ ತಗಲುವ ಸೋಂಕು. ಮನೆಯಲ್ಲೇ ಅನುಮಾನ ಹಿಡಿಯಬಹುದು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಮೊಬೈಲಿನಲ್ಲಿ ಪೂರಾ ಒಂದು ನಿಮಿಷ ನೋಡುತ್ತಾ ಹೊಟ್ಟೆ ಎಷ್ಟು ಸಲ ಏಳುತ್ತದೆ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ತುಟಿ ನೀಲಿಯಾಗುವುದು ಕಂಡರೆ ರಾತ್ರಿಯೋ ಹಗಲೋ ನೋಡಬೇಡಿ, 108ಕ್ಕೆ ಕರೆ ಮಾಡಿ. ಜಿಲ್ಲಾ ಕೇಂದ್ರಗಳಲ್ಲಿ ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಬೋಧನಾ ಆಸ್ಪತ್ರೆಗಳು ಇವೆ.

ಹೊಟ್ಟೆ ಮೇಲೆ ಬರೆ ಹಾಕಿಸಲು ಒಯ್ಯುವುದನ್ನು ಬಿಡಿ. ಉಸಿರಿಗೆ ಒದ್ದಾಡುವ ಕೂಸಿಗೆ ಅದು ಸುಟ್ಟ ಗಾಯವನ್ನೂ ಕೊಟ್ಟು, ಚಿಕಿತ್ಸೆಯ ಹೊತ್ತನ್ನೂ ನುಂಗುತ್ತದೆ. ಕರ್ಪೂರ ಎಣ್ಣೆ, ಬಾಮು ಎರಡು ವರ್ಷದೊಳಗಿನವರ ಮೂಗಿನ ಹತ್ತಿರ ಹಚ್ಚಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಕೆಮ್ಮಿನ ಸಿರಪ್ಪನ್ನು ಅಂಗಡಿಯಿಂದ ಕೇಳಿ ತರಬೇಡಿ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಸಿರಪ್ಪಿನಿಂದ ಮಕ್ಕಳು ಸತ್ತ ಹೊತ್ತಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಸ್ಪಷ್ಟವಾಗಿ ಹೇಳಿತು: ಎರಡು ವರ್ಷದೊಳಗೆ ಕೆಮ್ಮು ನೆಗಡಿ ಔಷಧ ಕೊಡಲೇಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ.

ಲಸಿಕೆಯಲ್ಲಿ ಪಿಸಿವಿ ತಪ್ಪಿಸಬೇಡಿ. ನ್ಯುಮೋನಿಯಾ ತರುವ ಮುಖ್ಯ ಬ್ಯಾಕ್ಟೀರಿಯಾ ಒಂದರ ವಿರುದ್ಧದ ಲಸಿಕೆ ಅದು. 6 ವಾರ, 14 ವಾರ, 9 ತಿಂಗಳಿಗೆ ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಹಾಕುತ್ತಾರೆ. ಚಳಿಗಾಲದಲ್ಲಿ ರೋಟಾವೈರಸ್ ಭೇದಿಯೂ ಹೆಚ್ಚು. ಭೇದಿಯಾದರೆ ಓಆರ್‌ಎಸ್ ಮತ್ತು 14 ದಿನ ಸತುವಿನ ಮಾತ್ರೆ, ಇವೆರಡೂ ಆಶಾ ಕಾರ್ಯಕರ್ತೆಯ ಹತ್ತಿರ ಸಿಗುತ್ತವೆ.

10. ಹಾವು ಕಚ್ಚಿದರೆ, ಮತ್ತು ಊರು ಬಿಟ್ಟು ಹೋಗುವವರಿಗೆ

ಚಳಿಗಾಲದಲ್ಲಿ ಹಾವು ಬಿಸಿಲು ಕಾಯಲು ಬದುವಿನ ಮೇಲೆ ಬರುತ್ತದೆ, ಉಳಿದ ಹೊತ್ತು ಬಣವೆ, ತೊಗರಿ ಕಟ್ಟಿಗೆಯ ಒಟ್ಟಿಲಲ್ಲಿ ಇರುತ್ತದೆ. ಅಲ್ಲಿ ಮಕ್ಕಳನ್ನು ಆಡಲು ಬಿಡಬೇಡಿ, ನೆಲದ ಮೇಲೆ ಮಲಗುವುದಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆ ಕೆಳಗೆ ಸೇರಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡ. ಮಗುವನ್ನು ಓಡಿಸದೆ, ಕಚ್ಚಿದ ಕೈಯೋ ಕಾಲೋ ಅಲುಗದಂತೆ ಎತ್ತಿಕೊಂಡು ಹೋಗಿ. ಮಂತ್ರ ಹಾಕಿಸಲು ನಿಲ್ಲಬೇಡಿ. ಹಾವಿನ ವಿಷಕ್ಕೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು ಎಂದು ಈಗಲೇ ಆಶಾ ಕಾರ್ಯಕರ್ತೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ನಾಯಿ ಕಚ್ಚಿದರೆ 15 ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಹಾಕಿಸಿ.

ಕಬ್ಬು ಕಡಿಯಲು ಬೇರೆ ತಾಲೂಕಿಗೆ, ಮಹಾರಾಷ್ಟ್ರಕ್ಕೆ ಹೋಗುವವರು ಹೊರಡುವ ಮೊದಲು ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ. ಆ ಅವಧಿಯಲ್ಲಿ ಯಾವ ಲಸಿಕೆ ಬರುತ್ತದೆ, ಯಾವ ವಾರ ಎಂದು ಕಾರ್ಡಿನ ಮೇಲೆ ಬರೆಸಿಕೊಳ್ಳಿ. ಹೋದ ಊರಲ್ಲಿ ಆ ಕಾರ್ಡು ತೋರಿಸಿದರೆ ಲಸಿಕೆ ಹಾಕುತ್ತಾರೆ, ಅಲ್ಲಿನ ಅಂಗನವಾಡಿಯಲ್ಲೂ ಮಗುವಿನ ಹೆಸರು ಬರೆಸಲು ಕೇಳಿ. ಕಾರ್ಡನ್ನು ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗೆ ಇಡದೆ ಮೇಲೆ ಹೇಳಿದ ಚೀಲದಲ್ಲೇ ಇಡಿ, ಮೊಬೈಲಿನಲ್ಲಿ ಅದರ ಎಲ್ಲ ಪುಟಗಳ ಫೋಟೋ ತೆಗೆದುಕೊಂಡಿರಿ.